ಒಳ್ಳೆಣ್ಣೆ

ಲಕ್ಷ್ಮೇಶ್ವರ
೩ ಸೆಪ್ಟೆಂಬರ್ ೧೯೫೬

ಅಬ್ಬಾ, ಅಮ್ಮಿ, ಇಬ್ಬರಿಗೂ ನಿಮ್ಮ ಅಲ್ಮಾಸಳ ಸಲಾಂ.

ಕಾಗದ ಕಂಡು ಗಾಬರಿಯಾಗಬೇಡಿ. ನಾನು ಆರಾಮ ಇದ್ದೇನೆ. ಹೊಟ್ಟೆಯೊಳಗಿನದೂ ಆರಾಮ ಇದೆ, ಹಗಲೆಲ್ಲ ಒದೆಯುತ್ತದೆ. ಏಳು ತಿಂಗಳು ತುಂಬುತ್ತ ಬಂತು.

ನಿಮಗೆ ಬರೆಯಬಾರದು ಎಂದು ಇವರು ಹೇಳಿಲ್ಲ. ಹೇಳದೆ ಇರುವುದಕ್ಕೇ ನನಗೆ ಹೆದರಿಕೆ. ಬಕ್ರೀದಿನ ದಿನ ನೀವು ನಿಮ್ಮ ಅಂಗಳದಲ್ಲಿ ಹತ್ತು ಮಂದಿಯ ಎದುರು ಇವರ ಮೋಟಾರಿನ ಸುತ್ತ ಒಂದು ಸುತ್ತು ಹಾಕಿ, ‘ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು’ ಅಂದಿರಿ. ಇವರು ‘ಇನ್ನ ನಿಮ್ಮ ಮನಿ ಕಡೆ ಮುಖ ಮಾಡಿದರ ನಾ ನಮ್ಮಪ್ಪನ ಮಗನ ಅಲ್ಲ’ ಅಂದು ನನ್ನನ್ನು ಕೂಡಿಸಿಕೊಂಡು ಬಂದುಬಿಟ್ಟರು. ಅವತ್ತಿನಿಂದ ನಿಮ್ಮ ಹೆಸರು ಬಂದರೆ ಸಾಕು, ಎದ್ದು ಹೋಗಿ ಗಾಡಿ ಒರೆಸುತ್ತಾರೆ. ಬಾಣಂತನಕ್ಕೆ ತವರಿಗೆ ಕಳಿಸಿರಿ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಗಾಡಿ ಒರೆಸಿದರು.

ಈಗ ಆ ಗಾಡಿಯೇ ಕೆಟ್ಟಿದೆ. ನಾಲ್ಕೈದು ಮೈಲು ಚಲೋ ಓಡುತ್ತದಂತೆ. ಆಮೇಲೆ ಇಂಜಿನ್ನು ಹುಲಿಯಂತೆ ಕೂಗುತ್ತದೆ, ಗಾಲಿ ಮಾತ್ರ ಬಸವನ ಹುಳದಂತೆ ಹೋಗುತ್ತದೆ. ಶಿಗ್ಲಿಯಿಂದ ಬಾಡಿಗೆಗೆ ಕೂತವರು ಅರ್ಧ ದಾರಿಯಲ್ಲಿ ಇಳಿದು ನಡೆದುಕೊಂಡು ಬಂದರು. ನಿಂತಲ್ಲಿ ಕೆಂಪು ಎಣ್ಣೆ ತೊಟ್ಟಿಕ್ಕುತ್ತದೆ. ಇಲ್ಲಿಯ ಮಿಸ್ತ್ರಿಗಳು ನೋಡಿ ‘ಕ್ಲಚ್ಚ ಇಲ್ಲದ ಗಾಡಿಗೆ ನಾವೇನ ಮಾಡೂಣು’ ಎಂದು ಕೈ ಝಾಡಿಸಿದರು. ಇಂಥ ಗಾಡಿ ಬಿಚ್ಚಿ ನೋಡಿದವರು ಈ ಸೀಮೆಯಲ್ಲಿ ನೀವೊಬ್ಬರೇ ಎಂದು ಇವರಿಗೂ ಗೊತ್ತು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಾರೆ.

ಡಾಕ್ಟರಬಾಯಿ ಹೇಳಿದ್ದು ನಿಮಗೆ ನೆನಪಿದೆ. ‘ಈ ಸಲ ಮನ್ಯಾಗ ಹೆರಾಕ ಕುಂಡ್ರಬ್ಯಾಡ. ನೋವು ಸುರು ಆದ ಕೂಡ್ಲೆ ಬೆಟಗೇರಿಗೆ ಬಂದು ನನ್ನ ಮುಂದ ಇರಬೇಕು. ಇಲ್ಲಂದ್ರ ನೀನೂ ಉಳಿಯೂದಿಲ್ಲ.’ ಇಪ್ಪತ್ತೈದು ಮೈಲು, ಅಬ್ಬಾ. ಮುಂಜಾನೆ ಒಂದು ಬಸ್ಸು. ಹಳ್ಳ ಬಂದರೆ ಅದೂ ಇಲ್ಲ. ಈ ಗಾಡಿ ಬಿಟ್ಟರೆ ಚಕ್ಕಡಿ. ಚಕ್ಕಡಿಯನ್ನು ಮಾತ್ರ ನಾನು ಹತ್ತಲಾರೆ.

ಏನು ಮಾಡಬೇಕೆಂದು ಬರೆಯಿರಿ. ನಾನೇ ಮಾಡುತ್ತೇನೆ. ಉತ್ತರವನ್ನು ಪಕ್ಕದ ಮನೆಯ ಹನಮವ್ವನ ಹೆಸರಿಗೆ ಹಾಕಿರಿ.

ನಿಮ್ಮ ಮಗಳು
ಅಲ್ಮಾಸಬಿ


ಬೆಟಗೇರಿ
೮ ಸೆಪ್ಟೆಂಬರ್ ೧೯೫೬

ಮಗಳು ಅಲ್ಮಾಸಳಿಗೆ ಬುಡ್ಡೇಸಾಬನ ಆಶೀರ್ವಾದ.

ನಿನ್ನ ಕಾಗದ ನಿಮ್ಮಮ್ಮಿಗೆ ಓದಿ ಹೇಳಿದೆ. ಅವಳು ಅತ್ತಳು, ಆಮೇಲೆ ನನ್ನನ್ನು ಬೈದಳು, ಆಮೇಲೆ ಮತ್ತೆ ಅತ್ತಳು. ನಾನು ಆಡಿದ ಮಾತು ತಪ್ಪು ಎನ್ನುತ್ತಾಳೆ. ಮಾತು ತಪ್ಪಿರಬಹುದು, ಗಾಡಿಯ ವಿಷಯ ತಪ್ಪಲ್ಲ. ಸಂಸ್ಥಾನಗಳು ಮುಳುಗಿದಾಗ ಹರಾಜಿಗೆ ಬಿದ್ದ ಗಾಡಿ. ಮೂರು ಕೈ ದಾಟಿ ಬಂದದ್ದು. ಅದನ್ನು ಕೊಳ್ಳುವ ಮೊದಲು ಹೆಂಡತಿಯ ತಂದೆ ಒಬ್ಬ ಮಿಸ್ತ್ರಿ ಇದ್ದಾನೆ ಎಂದು ನಿನ್ನ ಗಂಡನಿಗೆ ನೆನಪಾಗಲಿಲ್ಲ. ಇರಲಿ. ಈಗ ಆಗಬೇಕಾದದ್ದನ್ನು ನೋಡೋಣ.

ಯುದ್ಧದ ಕಾಲಕ್ಕೆ ಪುಣೆಯ ಡಿಪೋದಲ್ಲಿ ಇಂಥ ಗೇರಿನ ಪೆಟ್ಟಿಗೆಗಳನ್ನು ನೂರಾರು ಬಿಚ್ಚಿದ್ದೇನೆ. ಬೇರೆ ಗಾಡಿಯಲ್ಲಿ ಡ್ರೈವರನ ಕಾಲು ಮಾಡುವ ಕೆಲಸವನ್ನು ಇದರಲ್ಲಿ ಎಣ್ಣೆ ಮಾಡುತ್ತದೆ. ಎಣ್ಣೆಯ ಒತ್ತಡಕ್ಕೆ ಒಳಗಿನ ಪಟ್ಟಿಗಳು ಬಿಗಿಹಿಡಿಯುತ್ತವೆ, ಗಾಡಿ ಓಡುತ್ತದೆ. ಎಣ್ಣೆ ಕಮ್ಮಿಯಾದರೆ ಪಟ್ಟಿ ಜಾರುತ್ತದೆ. ನೀನು ಬರೆದ ರೋಗ ಅದೇ ಇದ್ದಂತಿದೆ. ಆದರೂ ನೋಡಿಯೇ ಹೇಳಬೇಕು. ನನ್ನ ಕಣ್ಣು ಅಲ್ಲಿಲ್ಲ, ನೀನೇ ನನ್ನ ಕಣ್ಣಾಗು.

ಸ್ಟೇರಿಂಗಿನ ಕೆಳಗೆ ಒಂದು ಹಿಡಿಕೆ ಇದೆ. ಅದಕ್ಕೆ ನಾಲ್ಕು ಮನೆ, ಚೌಕಾಬಾರದ ಮನೆ ಇದ್ದಂತೆ. ಮೊದಲನೆಯದು ಖಾಲಿ, ಎರಡನೆಯದು ಓಟಕ್ಕೆ, ಮೂರನೆಯದು ಏರಿಗೆ, ಕೊನೆಯದು ಹಿಂದಕ್ಕೆ. ಗಾಡಿ ಬಿಸಿಯಾಗಿ ಜಾರುತ್ತಿರುವಾಗ ಹಿಂದಕ್ಕೆ ಹೋಗುವ ಮನೆಗೆ ಹಾಕಿದರೆ ಹೇಗೆ ಹೋಗುತ್ತದೆ ಎಂದು ನೋಡು. ಹಿಂದಕ್ಕೆ ಹೋಗುವ ಏರ್ಪಾಟೇ ಬೇರೆ, ಮುಂದಿನ ಪಟ್ಟಿಗಳಿಗೂ ಅದಕ್ಕೂ ಸಂಬಂಧ ಕಮ್ಮಿ. ಹಿಂದಕ್ಕೆ ಗಟ್ಟಿಯಾಗಿ ಹೋದರೆ ಗಾಡಿ ಇನ್ನೂ ಸತ್ತಿಲ್ಲ ಎಂದು ತಿಳಿ.

ಆಮೇಲೆ ಎಣ್ಣೆ. ಡ್ರೈವರನ ಪಕ್ಕದ ಸೀಟಿನ ಮುಂದೆ ಕಾಲಿಡುವಲ್ಲಿ ಚಾಪೆ ಎತ್ತಿದರೆ ಸಣ್ಣ ಮುಚ್ಚಳ, ಅದರೊಳಗೆ ಅಳತೆಯ ಕಡ್ಡಿ. ಇಂಜಿನ್ನು ಬಿಸಿ ಇರುವಾಗ ಎಳೆದು ನೋಡು. ಮೇಲಿನ ಗೆರೆಗಿಂತ ಕೆಳಗಿದ್ದರೆ ಅಲ್ಲಿಂದಲೇ ತುಂಬಬೇಕು. ಒಂದು ಮಾತು ನೆನಪಿಡು: ಒಳ್ಳೆಣ್ಣೆಯನ್ನೇ ಹಾಕು. ಕಂಡ ಕಂಡ ಎಣ್ಣೆ ಹಾಕಿದರೆ ಪೆಟ್ಟಿಗೆ ಮಣ್ಣುಪಾಲು.

ನಿಲ್ಲಿಸುವಾಗ ಇಂಜಿನ್ನು ಬಂದ್ ಮಾಡಿ ಹಿಡಿಕೆಯನ್ನು ಕೊನೆಯ ಮನೆಯಲ್ಲಿ ಬಿಡಬೇಕು, ಆಗ ಗಾಲಿ ಕಚ್ಚಿಕೊಳ್ಳುತ್ತದೆ. ಇಂಜಿನ್ನು ನಡೆಯುತ್ತಿರುವಾಗ ಅದರ ಮುಂದೆ ನಿಲ್ಲಬೇಡ. ಯಾವಾಗಲೂ ನಿಲ್ಲಬೇಡ. ಇದನ್ನು ಎರಡು ಸಲ ಓದು.

ನಿನ್ನ ತಂದೆ
ಬುಡ್ಡೇಸಾಬ


ಲಕ್ಷ್ಮೇಶ್ವರ
೨೨ ಸೆಪ್ಟೆಂಬರ್ ೧೯೫೬

ಅಬ್ಬಾನಿಗೆ ಸಲಾಂ.

ನೀವು ಹೇಳಿದ್ದೆಲ್ಲ ಮಾಡಿದೆ. ಮೊದಲು ಹಿಂದಿನ ಗೇರಿನ ವಿಷಯ. ಬುಧವಾರ ಇವರು ಬಾಡಿಗೆ ಮುಗಿಸಿ ಬಂದಾಗ ಬಾಗಿಲಲ್ಲಿ ನಿಂತು ನೋಡಿದೆ. ಓಣಿಯೊಳಗೆ ಮುಂದಕ್ಕೆ ಬರಲು ಒದ್ದಾಡಿದ ಗಾಡಿ, ಹಿಂದೆ ಸರಿದು ಗೋಡೆಗೆ ಹಚ್ಚುವಾಗ ಆಕಳ ಕರುವಿನಂತೆ ಸುಮ್ಮನೆ ಹೋಯಿತು.

ನಿನ್ನೆ ಇವರು ಜುಮ್ಮಾ ನಮಾಜಿಗೆ ಹೋದಾಗ ಹನಮವ್ವನನ್ನು ಕಾವಲಿಗೆ ನಿಲ್ಲಿಸಿ ಚಾಪೆ ಎತ್ತಿದೆ. ಕಡ್ಡಿ ಎಳೆದರೆ ತುದಿಗೆ ಮಾತ್ರ ಎಣ್ಣೆ. ಅಡುಗೆಮನೆಯ ಲಾಳಿಕೆ ಇಟ್ಟು ಎರಡು ಸೇರು ಹಾಕಿದೆ. ತಾಜಾ ಇತ್ತು, ಬಟ್ಟೆಯಲ್ಲಿ ಸೋಸಿಯೇ ಹಾಕಿದೆ. ಬಗ್ಗಿ ಏಳುವಾಗ ಕಣ್ಣಿಗೆ ಕತ್ತಲೆ ಬಂತು. ಹನಮವ್ವ ‘ಯವ್ವಾ, ಎರಡ ಜೀವದಾಕಿ ಮೋಟಾರ ಮಿಸ್ತ್ರಿ ಆಗಿದ್ದು ಎಲ್ಲೆರ ಐತೇನ’ ಎಂದು ನಕ್ಕಳು.

ಸಂಜೆ ಇವರು ಯಳವತ್ತಿಗೆ ಹೋಗಿ ಬಂದು, ‘ತಾನ ಸುದ್ದ ಆತು ನೋಡು’ ಅಂದರು. ಎಷ್ಟು ದಿನದ ಮೇಲೆ ಮುಖದಲ್ಲಿ ನಗು ಕಂಡೆ. ನಿಮ್ಮ ಹೆಸರು ಹೇಳಿದರೆ ಆ ನಗು ಹೋಗುತ್ತದೆ. ಹೇಳದಿದ್ದರೆ ನಿಮಗೆ ಅನ್ಯಾಯವಾಗುತ್ತದೆ. ಅನ್ಯಾಯ ನೀವು ತಡೆಯುತ್ತೀರಿ ಎಂದು ಸುಮ್ಮನಾದೆ.

ಗಾಡಿಯ ಮುಂದೆ ನಿಲ್ಲಬೇಡ ಎಂದು ಯಾಕೆ ಅಷ್ಟು ಒತ್ತಿ ಬರೆದಿರಿ? ಓದಿದಾಗಿನಿಂದ ಗಾಡಿ ಅಂಗಳದಲ್ಲಿದ್ದರೆ ಗೋಡೆ ಹಿಡಿದು ಅಡ್ಡಾಡುತ್ತೇನೆ.

ಅಲ್ಮಾಸಬಿ


ಬೆಟಗೇರಿ
೩೦ ಸೆಪ್ಟೆಂಬರ್ ೧೯೫೬

ಅಲ್ಮಾಸ,

ಭೇಷ್. ನನ್ನ ಅಂಗಡಿಯಲ್ಲಿ ಕೆಲಸ ಮಾಡುವ ಗಂಡಸರಿಗೆ ಇದನ್ನೇ ಹೇಳಿದ್ದರೆ ಅಳತೆಯ ಕಡ್ಡಿಯನ್ನು ಇಂಜಿನ್ನಿನಲ್ಲಿ ಹುಡುಕುತ್ತ ಕೂರುತ್ತಿದ್ದರು. ಆದರೆ ಇನ್ನು ಬಗ್ಗಬೇಡ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ನಾಲ್ಕು ದಿನ ಹಿಡಿಯಿತು. ಡಿಪೋದಲ್ಲಿ ನನ್ನ ಜೊತೆ ರಹಮಾನಸಾಬ ಎಂಬವನಿದ್ದ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಒಂದು ದಿನ ಇಂಥದೇ ಗಾಡಿಯನ್ನು ಇಂಜಿನ್ನು ನಡೆಯುವಾಗಲೇ ಎರಡನೆಯ ಮನೆಯಲ್ಲಿ ಬಿಟ್ಟು ಒಬ್ಬ ಕೆಳಗಿಳಿದ. ಇವು ಹಾಗೆಯೇ, ನಿಂತಂತೆ ಕಾಣುತ್ತವೆ. ಇಂಜಿನ್ನು ಸ್ವಲ್ಪ ಜೋರಾದರೆ ತಾವೇ ತೆವಳುತ್ತವೆ. ರಹಮಾನಸಾಬ ಗೋಡೆಗೆ ಬೆನ್ನು ಹಚ್ಚಿ ಬೀಡಿ ಸೇದುತ್ತಿದ್ದ. ಅವನು ಕೂಗಿದ್ದೂ ಕೇಳಿಸಲಿಲ್ಲ. ಗಾಡಿ ಬಿಟ್ಟವರು ಯಾರು ಎಂದು ಕೇಳಬೇಡ.

ಬಕ್ರೀದಿನ ದಿನ ನಿನ್ನ ಗಂಡ ಹಾರ್ನು ಬಾರಿಸುತ್ತ ನನ್ನ ಅಂಗಳಕ್ಕೆ ಬಂದು, ಇಂಜಿನ್ನು ಬಂದ್ ಮಾಡದೆ ನಗುತ್ತ ಇಳಿದ. ನೀನು ಹೊಟ್ಟೆ ಹೊತ್ತುಕೊಂಡು ಗಾಡಿಯ ಮುಂದಿನಿಂದ ಸುತ್ತಿ ಬಂದೆ. ನನಗೆ ಅವನ ಶೋಕಿ ಕಾಣಲಿಲ್ಲ, ಅಲ್ಮಾಸ. ಗೋಡೆ ಕಂಡಿತು. ಹೆದರಿದ ಮನುಷ್ಯನ ಬಾಯಿಂದ ಹೆದರಿಕೆ ಬರುವುದಿಲ್ಲ, ಬೈಗುಳ ಬರುತ್ತದೆ.

ಅವನಿಗೆ ಇದನ್ನು ಹೇಳಬೇಡ. ನಿನ್ನನ್ನು ಮೊದಲೇ ಕಳಿಸಿಕೊಡುವಂತೆ ಮಾಡು. ಗಾಡಿ ಎಷ್ಟು ಚಲೋ ಓಡಿದರೂ ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಬುಡ್ಡೇಸಾಬ


ಲಕ್ಷ್ಮೇಶ್ವರ
೧೪ ಅಕ್ಟೋಬರ್ ೧೯೫೬

ಅಬ್ಬಾ,

ನೀವು ಒಂದು ಹೇಳಿದಿರಿ, ನಾನೂ ಒಂದು ಹೇಳುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಮೊದಲನೆಯ ಕೂಸು ಮನೆಯಲ್ಲೇ ಸತ್ತು ಹುಟ್ಟಿತು ಎಂದು ನಿಮಗೆ ತಿಳಿಸಿದ್ದೆವು. ಅದು ಸುಳ್ಳು. ಸೂಲಗಿತ್ತಿ ತಿಪ್ಪವ್ವ ‘ನನ್ನ ಕೈಲಿ ಆಗೂದಿಲ್ಲ, ಬೆಟಗೇರಿಗೆ ಒಯ್ಯಿರಿ’ ಅಂದಾಗ ಇವರು ಚಕ್ಕಡಿ ಹೂಡಿದರು. ಮಳೆ ಬಂದು ಎರೆಮಣ್ಣಿನ ಕೆಸರು ಗಾಲಿಗೆ ಮೆತ್ತಿಕೊಂಡಿತ್ತು. ಯಳವತ್ತಿ ದಾಟಿದ ಮೇಲೆ ಗಾಲಿ ಹೂತು ಎತ್ತು ಮಲಗಿಬಿಟ್ಟವು. ಇವರು ನೊಗಕ್ಕೆ ಹೆಗಲು ಕೊಟ್ಟು ಎಳೆದರು. ಎಳೆಯುತ್ತಿರುವಾಗಲೇ ಕೂಸು ಹುಟ್ಟಿತು. ಒಂದು ಸಲ ಅತ್ತಿತು, ಅಬ್ಬಾ. ಸತ್ತು ಹುಟ್ಟಲಿಲ್ಲ, ಅತ್ತಿತು. ಅದನ್ನು ಇವರು ಕೇಳಿದ್ದಾರೆ, ನಾನು ಕೇಳಿದ್ದೇನೆ. ನಾವಿಬ್ಬರೂ ಅದರ ಮಾತು ಇವತ್ತಿನವರೆಗೆ ಆಡಿಲ್ಲ.

ಇವರು ಎತ್ತು, ಚಕ್ಕಡಿ, ಮನೆಯ ಹಿಂದಿನ ಜಾಗ ಎಲ್ಲ ಮಾರಿ ಗಾಡಿ ತಂದದ್ದು ಅದಕ್ಕೆ. ಬೆಟಗೇರಿಗೆ ಹಾರ್ನು ಬಾರಿಸುತ್ತ ಬಂದದ್ದು ನಿಮಗೆ ತೋರಿಸಲು: ನಿಮ್ಮ ಮಗಳು ಇನ್ನು ಚಕ್ಕಡಿ ಹತ್ತುವುದಿಲ್ಲ ಎಂದು.

ನಿಮಗೆ ಹೇಳಿರಿ ಎಂದರೆ ಇವರು ಹೇಳುವುದಿಲ್ಲ. ಇವರಿಗೆ ಹೇಳಿರಿ ಎಂದರೆ ನೀವು ಬೇಡ ಎನ್ನುತ್ತೀರಿ. ನಡುವೆ ನಾನು ಹೊಟ್ಟೆ ಹೊತ್ತುಕೊಂಡು ಇಬ್ಬರ ಗುಟ್ಟನ್ನೂ ಹೊತ್ತಿದ್ದೇನೆ.

ಕಳಿಸುವ ಮಾತು ನಿನ್ನೆ ಮತ್ತೆ ತೆಗೆದೆ. ‘ದಿನಾ ತುಂಬಲಿ. ಗಾಡಿ ಐತಿ, ನಾ ಇದ್ದೇನಿ’ ಅಂದರು. ಇದೇ ಮೊದಲ ಸಲ ಗಾಡಿ ಒರೆಸಲಿಲ್ಲ.

ಅಲ್ಮಾಸ


ಲಕ್ಷ್ಮೇಶ್ವರ
೨೭ ಅಕ್ಟೋಬರ್ ೧೯೫೬

ಅಬ್ಬಾನಿಗೆ ಸಲಾಂ.

ನನ್ನ ಹೋದ ಕಾಗದಕ್ಕೆ ನಿಮ್ಮ ಉತ್ತರ ಬರಲಿಲ್ಲ. ಸಿಟ್ಟೋ ದುಃಖವೋ ತಿಳಿಯದು. ಅದಿರಲಿ, ಇದಕ್ಕೆ ಮಾತ್ರ ಜಲ್ದಿ ಬರೆಯಿರಿ.

ಗಾಡಿಗೆ ಮತ್ತೆ ಏನೋ ಆಗಿದೆ. ಈ ಸಲದ್ದು ಬೇರೆ ರೋಗ. ಮುಂಜಾನೆ ಹಿಡಿಕೆ ಎಳೆದರೆ ಎಷ್ಟೋ ಹೊತ್ತು ಕದಲುವುದಿಲ್ಲ, ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಜಿಗಿಯುತ್ತದೆ. ನಡೆಯುವಾಗ ಕಾಲ ಕೆಳಗಿನಿಂದ ಭಜಿ ಕರಿಯುವ ವಾಸನೆ ಬರುತ್ತದೆ. ಬಾಡಿಗೆಯವರು ‘ಮೌಲಾಸಾಬ, ಮೆಣಸಿನಕಾಯಿ ಭಜಿ ಎಲ್ಲಿ ಮುಚ್ಚಿಟ್ಟೀರಿ’ ಎಂದು ನಗುತ್ತಾರಂತೆ. ಇವರು ನಗುವುದಿಲ್ಲ. ಮೊನ್ನೆ ಅಳತೆಯ ಕಡ್ಡಿ ಎಳೆದರು. ಅದಕ್ಕೆ ಬೆಲ್ಲದ ಪಾಕದಂತೆ ಅಂಟು ಹತ್ತಿತ್ತು.

ನಾನು ಹಾಕಿದ ಎಣ್ಣೆ ಮಾತ್ರ ಚಲೋದೇ, ಅದರ ಬಗ್ಗೆ ಸಂಶಯ ಬೇಡ. ನೀವು ಹೇಳಿದಂತೆ ಒಳ್ಳೆಣ್ಣೆಯನ್ನೇ ಹಾಕಿದ್ದೇನೆ. ಬಸವಣ್ಣೆವ್ವನ ಗಾಣದ್ದು, ನನ್ನ ಕಣ್ಣೆದುರಿಗೆ ಹಿಂಡಿ ಕೊಟ್ಟ ಕುಸುಬಿ ಎಣ್ಣೆ. ಶೇಂಗಾದ್ದು ಬೆರೆಸಿಲ್ಲ ಎಂದು ಆಣೆ ಮಾಡಿಸಿಕೊಂಡಿದ್ದೇನೆ. ಹೋದ ವಾರ ಇನ್ನರ್ಧ ಸೇರು ಹಾಕಿದೆ.

ಹೊಟ್ಟೆ ಕೆಳಗಿಳಿದಿದೆ. ತಿಪ್ಪವ್ವ ಮುಟ್ಟಿ ನೋಡಿ, ಹದಿನೈದು ದಿನ ಇದೆ ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಲ್ಮಾಸ


ಬೆಟಗೇರಿ
೩೦ ಅಕ್ಟೋಬರ್ ೧೯೫೬, ಮಧ್ಯಾಹ್ನ

ಅಲ್ಮಾಸ, ಮಗಳೇ,

ಈಗ ನಿನ್ನ ಹೆಸರಿಗೆ ತಾರು ಹೊಡೆದು ಬಂದು ಇದನ್ನು ಬರೆಯುತ್ತಿದ್ದೇನೆ. ಗಾಡಿ ಹತ್ತಬೇಡ. ಮೌಲಾಸಾಬನಿಗೂ ಹತ್ತಬೇಡ ಎನ್ನು. ಎಲ್ಲವನ್ನೂ ಹೇಳಿಬಿಡು, ಸಿಟ್ಟಾದರೆ ಆಗಲಿ.

ತಪ್ಪು ನಿನ್ನದಲ್ಲ. ಡಿಪೋದಲ್ಲಿ ಕಂಪನಿಯ ಡಬ್ಬಿಯಲ್ಲಿ ಬರುವ ಕೆಂಪು ಎಣ್ಣೆಗೆ ನಮ್ಮ ಕಡೆಯ ನಾಲ್ಕು ಮಂದಿ ಒಳ್ಳೆಣ್ಣೆ ಅನ್ನುತ್ತಿದ್ದೆವು, ಇಳಿಸಿ ತೆಗೆದದ್ದಕ್ಕೆ ಹೊಲಸೆಣ್ಣೆ. ಆ ರೂಢಿಯಲ್ಲಿ ಬರೆದುಬಿಟ್ಟೆ. ಒಳ್ಳೆಣ್ಣೆ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಒಗ್ಗರಣೆಯ ಎಣ್ಣೆ ಎಂದು ನನಗೆ ಹೊಳೆಯಲಿಲ್ಲವಲ್ಲ! ನಿಮ್ಮಮ್ಮಿ ನಿತ್ಯ ನನ್ನ ಕಿವಿಗೆ ‘ಒಳ್ಳೆಣ್ಣಿ ತೀರೇತಿ’ ಎಂದು ಒದರುತ್ತಾಳೆ, ಆದರೂ ಹೊಳೆಯಲಿಲ್ಲ. ಕುಸುಬಿ ಎಣ್ಣೆ ಕಾದು ಕಾದು ಅಂಟಾಗುತ್ತದೆ. ಒಳಗಿನ ಸಣ್ಣ ದಾರಿಗಳೆಲ್ಲ ಕಟ್ಟಿಹೋಗುತ್ತವೆ. ಇವತ್ತೋ ನಾಳೆಯೋ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ನೀನು ಅದರೊಳಗೆ ಇರಬಾರದು.

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲಾಗಲಿಲ್ಲ. ಮೂರು ಸಲ ಬರೆದು ಹರಿದೆ. ಅತ್ತಿತು ಎಂದು ಬರೆದಿದ್ದೆಯಲ್ಲ, ಅಲ್ಲಿಂದ ಮುಂದೆ ನನ್ನ ಕೈ ಹೋಗಲಿಲ್ಲ.

ತಾರಿಗೆ ಇವತ್ತು ಸಂಜೆಯೊಳಗೆ ಉತ್ತರ ಬರದಿದ್ದರೆ ನಾಳೆ ಮುಂಜಾನೆ ಗಾಳೆಪ್ಪನ ಹತ್ತಿ ಲಾರಿ ತೆಗೆದುಕೊಂಡು ನಾನೇ ಬರುತ್ತೇನೆ. ನಿನ್ನ ಗಂಡ ಬಾಗಿಲು ಹಾಕಿದರೆ ಹೊರಗೆ ಕೂರುತ್ತೇನೆ. ನಾ ಭಾಳ ಅಂಜೇನಿ, ಅಲ್ಮಾಸ. ನನ್ನ ಕೈಯಿಂದ ಇನ್ನೊಂದು ಆಗಬಾರದು.

ಅಬ್ಬಾ


ಲಕ್ಷ್ಮೇಶ್ವರ
೧೧ ನವೆಂಬರ್ ೧೯೫೬

ಮಾವನವರಿಗೆ ಮೌಲಾಸಾಬನ ಸಲಾಂ.

ನನಗೆ ಕಾಗದ ಬರೆದು ರೂಢಿಯಿಲ್ಲ. ಅಲ್ಮಾಸ ನಿಮ್ಮ ಮನೆಯಲ್ಲಿ ಬಾಣಂತಿ, ಬರೆದುಕೊಡುವವರು ಇಲ್ಲಿ ಯಾರೂ ಇಲ್ಲ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಮುಳಗುಂದದ ಹತ್ತಿರ ನಾನು ಯಾಕೆ ಹಾಗೆ ಮಾಡಿದೆ ಎಂದು ನೀವು ಲಾರಿಯಲ್ಲಿ ಕೇಳಲಿಲ್ಲ. ದವಾಖಾನೆಯಲ್ಲೂ ಕೇಳಲಿಲ್ಲ. ಹೇಳದೆ ಬಂದದ್ದು ನನ್ನನ್ನು ಕೊರೆಯುತ್ತಿದೆ.

ಆ ದಿನ, ಮೂವತ್ತೊಂದಕ್ಕೆ, ಮುಂಜಾನೆ ತಾರಿನವ ನಮ್ಮ ಓಣಿಗೆ ಬಂದ. ನಮ್ಮ ಓಣಿಗೆ ಈವರೆಗೆ ಬಂದ ತಾರುಗಳೆಲ್ಲ ಸಾವಿನವು. ಅಲ್ಮಾಸಳ ಹೆಸರು ಕೂಗಿದ ಕೂಡಲೆ ಹನಮವ್ವ ‘ಅಯ್ಯಯ್ಯ, ನಿಮ್ಮಪ್ಪ ಹೋದನಲ್ಲ’ ಎಂದು ಎದೆ ಬಡಿದುಕೊಂಡಳು. ಐದು ನಿಮಿಷದಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ನಿಮ್ಮ ಗುಣ ಹಾಡಿಕೊಂಡು ಅತ್ತರು. ತಾರನ್ನು ಯಾರೂ ಬಿಚ್ಚಲಿಲ್ಲ. ಬಿಚ್ಚಿದರೂ ಇಂಗ್ಲಿಷು. ಬಿಚ್ಚಲು ನನಗೆ ಧೈರ್ಯವೂ ಇರಲಿಲ್ಲ, ಅಂಗಿಯ ಕಿಸೆಯಲ್ಲಿ ತುರುಕಿಕೊಂಡೆ. ಅಲ್ಮಾಸ ಅಳಲಿಲ್ಲ. ಗೋಡೆ ಹಿಡಿದು ನಿಂತು, ‘ನೋವು ಸುರು ಆತ್ರಿ’ ಎಂದಳು.

ಗಾಡಿ ಹತ್ತಿಸಿದೆ. ಹಿಂದೆ ತಿಪ್ಪವ್ವ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ದಾರಿಯುದ್ದಕ್ಕೂ ನನಗೆ ಒಂದೇ ವಿಚಾರ. ಮಾವ ಸತ್ತರು. ನಾನು ಅವರ ಮನೆಯ ಕಡೆ ಮುಖ ಮಾಡುವುದಿಲ್ಲ ಎಂದಿದ್ದೆ. ಈಗ ಮಣ್ಣಿಗೆ ಹೋಗುತ್ತಿದ್ದೇನೆ.

ಯಳವತ್ತಿ ದಾಟಿದ ಮೇಲೆ ಗಾಡಿ ಒಂದು ಸಲ ಜಿಗಿದು ನಿಂತಿತು. ಇಂಜಿನ್ನು ಕೂಗುತ್ತಿದೆ, ಗಾಲಿ ತಿರುಗುವುದಿಲ್ಲ. ಎರಡನೆಯ ಮನೆಗೆ ಹಾಕಿದೆ, ಮೂರನೆಯದಕ್ಕೆ ಹಾಕಿದೆ, ಏನೂ ಇಲ್ಲ. ಕೆಳಗಿಳಿದು ನೋಡಿದೆ. ಮಾವ, ಅದು ಅದೇ ಜಾಗ. ಆ ಜಾಲಿಯ ಗಿಡ ನನಗೆ ಗೊತ್ತು. ಅಲ್ಲೇ ನನ್ನ ಎತ್ತು ಮಲಗಿದ್ದವು. ಗಾಡಿಯ ಮಡ್‌ಗಾರ್ಡು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದೆ. ಒಳಗಿನಿಂದ ಅಲ್ಮಾಸಳ ನರಳಿಕೆ ಕೇಳುತ್ತಿತ್ತು. ಆ ಕೂಸು ಅತ್ತದ್ದೂ ಕೇಳುತ್ತಿತ್ತು.

ಆಗ ಅವಳು ಕಿಡಕಿಯಿಂದ ಕೈ ಹೊರಗೆ ಹಾಕಿ ನನ್ನ ಕೂದಲು ಹಿಡಿದಳು.

‘ಹಿಂದಕ್ಕ ಹಾಕ್ರಿ’ ಅಂದಳು.

‘ಹಿಂದಕ್ಕ ಹೋದರ ಲಕ್ಷ್ಮೇಶ್ವರ, ಅಲ್ಲೇನೈತಿ?’ ಅಂದೆ.

‘ಗಾಡಿ ಹೊಳ್ಳಿಸ್ರಿ. ಮಾರಿ ಊರ ಕಡೆ ಮಾಡಿ, ಹಿಂದಕ್ಕ ಹಿಂದಕ್ಕ ಬೆಟಗೇರಿಗೆ ಹೋಗ್ರಿ. ಹಿಂದಿನ ಗೇರಿನ ಏರ್ಪಾಟು ಬ್ಯಾರೆ ಐತಿ. ಅಬ್ಬಾ ಬರದಾರ.’

ನೀವು ಅವಳಿಗೆ ಬರೆಯುತ್ತಿದ್ದಿರಿ ಎಂದು ನನಗೆ ಗೊತ್ತಾದದ್ದು ಅಲ್ಲಿ. ಸಿಟ್ಟು ಬರಲಿಲ್ಲ. ಸತ್ತವರು ಬಂದು ದಾರಿ ತೋರಿಸಿದಂತಾಯಿತು.

ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಎಂಟು ಮಂದಿ ಓಡಿಬಂದು ಗಾಡಿಯನ್ನು ನೂಕಿ ಹೊಳ್ಳಿಸಿಕೊಟ್ಟರು. ಕೊನೆಯ ಮನೆಗೆ ಹಿಡಿಕೆ ಹಾಕಿದೆ. ಹೋಯಿತು. ಬಲಗೈ ಸ್ಟೇರಿಂಗಿಗೆ, ಎಡಗೈ ಸೀಟಿಗೆ, ಕುತ್ತಿಗೆ ಪೂರ್ತಿ ಹಿಂದಕ್ಕೆ. ಕಣ್ಣೆದುರಿಗೆ ಅಲ್ಮಾಸಳ ಮುಖ, ಅದರಾಚೆ ಹಿಂದಿನ ಗಾಜು, ಅದರಾಚೆ ದಾರಿ. ಎಂಟು ಮೈಲು ಅವಳ ಮುಖ ನೋಡುತ್ತಲೇ ಓಡಿಸಿದೆ. ಅವಳು ಕಣ್ಣು ಮುಚ್ಚಿದಾಗಲೆಲ್ಲ ‘ಅಲ್ಮಾಸ’ ಎಂದು ಕೂಗುತ್ತಿದ್ದೆ. ಕಣ್ಣು ತೆರೆದು ‘ದಾರಿ ನೋಡ್ರಿ’ ಎನ್ನುತ್ತಿದ್ದಳು. ಗಾಡಿ ತಂಪಾಗಲಿ ಎಂದು ಎರಡು ಸಲ ನಿಲ್ಲಿಸಿದೆ. ನಿಂತಾಗಲೆಲ್ಲ ಇನ್ನು ಏಳುವುದಿಲ್ಲ ಎಂದು ಜೀವ ಹಾರುತ್ತಿತ್ತು.

ಮುಳಗುಂದದ ಹೊರಗೆ ಎದುರಿಗೆ ಲಾರಿ ಬಂತು. ಹತ್ತಿಯ ಅಂಡಿಗೆಗಳ ಮೇಲೆ ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದವರು ನೀವು. ಸತ್ತ ಮನುಷ್ಯ. ನಾನು ಇಳಿದು ಬಂದು ನಿಮ್ಮ ಕೈ ಹಿಡಿದು, ತೋಳು ಹಿಸುಕಿ, ಗಡ್ಡ ಎಳೆದು ನೋಡಿದ್ದು ಅದಕ್ಕೆ. ನೀವು ‘ಇವಗ ಹುಚ್ಚ ಹಿಡದೈತಿ, ಮದಲ ಆಕೀನ ಎತ್ತಗೋರಿ’ ಎಂದು ಕೂಗಿದಿರಿ. ಬೈಗುಳ ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ನಾನು ಊರಿಗೆ ತಿರುಗಿ ಬಂದಾಗ ಹನಮವ್ವ ನಿಮ್ಮ ಮೂವತ್ತನೆಯ ತಾರೀಕಿನ ಕಾಗದ ತಂದುಕೊಟ್ಟಳು. ಜೋಳದ ಗಡಿಗೆಯಲ್ಲಿ ಅಲ್ಮಾಸ ಬಚ್ಚಿಟ್ಟಿದ್ದ ಉಳಿದ ಎರಡೂ ಸಿಕ್ಕವು. ಓದಿದೆ. ಕೇಳದೆ ಓದಿದ್ದಕ್ಕೆ ಮಾಫಿ ಇರಲಿ. ರಹಮಾನಸಾಬರ ಜೀವ ತೆಗೆದ ಗಾಡಿಯನ್ನು ಬಿಟ್ಟವರು ಯಾರು ಎಂದು ನಾನು ಕೇಳುವುದಿಲ್ಲ. ತಾರನ್ನು ಶಾಲೆಯ ಮಾಸ್ತರ ಕೈಯಲ್ಲಿ ಓದಿಸಿದೆ. ‘ಎಣ್ಣೆ ತಪ್ಪು, ಗಾಡಿ ಹತ್ತಬೇಡಿ’ ಎಂದಿತ್ತು. ಮಾಸ್ತರರು ಇಷ್ಟೇನಾ ಎಂದು ಮುಖ ನೋಡಿದರು.

ಗಾಡಿಯನ್ನು ಮುಳಗುಂದದಿಂದ ಎತ್ತು ಕಟ್ಟಿ ಎಳೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ್ದೇನೆ. ಕೊನೆಯ ಮನೆಯಲ್ಲೇ ಬಿಟ್ಟಿದ್ದೇನೆ. ಅಂಟು ತೆಗೆಯುವುದು ಹೇಗೆ? ಬರೆದರೆ ಮಾಡುತ್ತೇನೆ. ಮಗಳು ಹಾಲು ಕುಡಿಯುತ್ತಾಳೆಯೇ? ಅಳುತ್ತಾಳೆಯೇ? ಚೆನ್ನಾಗಿ ಅಳಲಿ. ಯಾರೂ ಸುಮ್ಮನಾಗಿಸಬೇಡಿ.

ನಿಮ್ಮ ಅಳಿಯ
ಮೌಲಾಸಾಬ


ಬೆಟಗೇರಿ
೧೬ ನವೆಂಬರ್ ೧೯೫೬

ಅಳಿಯ ಮೌಲಾಸಾಬನಿಗೆ ಬುಡ್ಡೇಸಾಬನ ಆಶೀರ್ವಾದ.

ನಿನ್ನ ಮಗಳು ಅಳುತ್ತಾಳೆ. ಗದಗಿನ ಸ್ಟೇಷನ್ನಿನವರೆಗೆ ಕೇಳುತ್ತದೆ. ಯಾರೂ ಸುಮ್ಮನಾಗಿಸುವುದಿಲ್ಲ. ನಿನ್ನ ಕಾಗದ ಬರುವ ಮೊದಲು ನಿಮ್ಮತ್ತೆ ಎತ್ತಿಕೊಂಡು ಓಡಾಡುತ್ತಿದ್ದಳು, ಈಗ ಎದುರಿಗೆ ಕೂತು ಕೇಳುತ್ತಾಳೆ. ಹುಟ್ಟಿದ್ದು ಮುಂಬಯಿ ರಾಜ್ಯದಲ್ಲಿ, ಮರುದಿನ ಕಣ್ಣು ಬಿಡುವಷ್ಟರಲ್ಲಿ ಮೈಸೂರು ರಾಜ್ಯ. ರಾಜ್ಯ ಕೂಡಿದ ಮೆರವಣಿಗೆಯ ಬಾಜಾ ದವಾಖಾನೆಯ ಮುಂದೆ ಹೋದಾಗ ತನಗೇ ಬಾರಿಸಿದರು ಎಂದು ತಿಳಿದಿರಬೇಕು. ಅಲ್ಮಾಸ ಎದ್ದು ಕೂಡುತ್ತಾಳೆ, ಗಂಜಿ ಬೇಡ ಎನ್ನುತ್ತಾಳೆ, ರೊಟ್ಟಿ ಕೇಳುತ್ತಾಳೆ. ಡಾಕ್ಟರಬಾಯಿ ನನ್ನನ್ನು ಹೊರಗೆ ಕರೆದು, ‘ಇನ್ನ ಅರ್ಧಾ ತಾಸು ತಡಾ ಆಗಿದ್ರ ನಾ ಏನೂ ಮಾಡಾಕ ಆಗ್ತಿದ್ದಿಲ್ಲ’ ಅಂದಳು.

ನೀನು ಕೇಳುವುದಿಲ್ಲ ಎಂದೆ. ಅದಕ್ಕೇ ಹೇಳುತ್ತೇನೆ. ಆ ಗಾಡಿ ಬಿಟ್ಟು ಇಳಿದವನು ನಾನು. ಹನ್ನೆರಡು ವರ್ಷದಿಂದ ನಿಮ್ಮತ್ತೆಗೂ ಹೇಳಿರಲಿಲ್ಲ. ಈ ಕಾಗದ ಬರೆಯುವ ಮೊದಲು ಅವಳಿಗೆ ಹೇಳಿದೆ.

ಬಕ್ರೀದಿನ ಮಾತಿಗೆ ಮಾಫಿ ಕೇಳುವುದಿದೆ. ಅದನ್ನು ಕಾಗದದಲ್ಲಿ ಕೇಳುವುದಿಲ್ಲ. ನೀನು ಬರಬೇಕು, ಅದೇ ಅಂಗಳದಲ್ಲಿ, ಅದೇ ಹತ್ತು ಮಂದಿಯನ್ನು ಕರೆಸಿ ಕೇಳುತ್ತೇನೆ. ನಿನ್ನ ಆಣೆಯ ಚಿಂತೆ ಬಿಡು. ನಮ್ಮ ಮನೆಯ ಕಡೆ ಮುಖ ಮಾಡುವುದಿಲ್ಲ ಎಂದಿದ್ದೆ. ಗಾಡಿಯ ಮುಖ ಲಕ್ಷ್ಮೇಶ್ವರದ ಕಡೆಗೇ ಇತ್ತು, ನಾನೇ ಸಾಕ್ಷಿ. ನಿನ್ನ ಮುಖದ ಮಾತು ಕೇಳಿದರೆ, ನೀನು ಹೆಂಡತಿಯ ಕಡೆ ನೋಡುತ್ತಿದ್ದೆ ಎಂದು ಹೇಳುತ್ತೇನೆ.

ಗಾಳೆಪ್ಪನ ಕೈಯಲ್ಲಿ ಎರಡು ಡಬ್ಬಿ ಕಳಿಸಿದ್ದೇನೆ. ದೊಡ್ಡದರಲ್ಲಿ ಇರುವುದು ಪುಣೆಯಿಂದ ತರಿಸಿದ ಕೆಂಪು ಎಣ್ಣೆ. ಪೆಟ್ಟಿಗೆಯ ಅಂಟು ತೊಳೆಯದೆ ಅದನ್ನು ಹಾಕಬೇಡ, ತೊಳೆಯಲು ನಾನೇ ಭಾನುವಾರ ಬರುತ್ತೇನೆ. ಸಣ್ಣದರಲ್ಲಿ ಇರುವುದು ನಿಮ್ಮತ್ತೆ ಅಜಿವಾನ ಹಾಕಿ ಕಾಸಿದ ಕುಸುಬಿ ಎಣ್ಣೆ. ಎಂಟು ಮೈಲು ತಿರುಗಿದ ನಿನ್ನ ಕುತ್ತಿಗೆ ಇನ್ನೂ ನೆಟ್ಟಗಾಗಿಲ್ಲ ಎಂದು ಗಾಳೆಪ್ಪ ಹೇಳಿದ. ದಿನಾ ಮುಂಜಾನೆ ಬಿಸಿ ಮಾಡಿ ತಿಕ್ಕಿಕೊ.

ಒಳ್ಳೆಣ್ಣೆ ಅಂದರೆ ಸಣ್ಣ ಡಬ್ಬಿಯದು, ಮೌಲಾಸಾಬ. ಕುತ್ತಿಗೆಗೆ. ಗಾಡಿಗಲ್ಲ.

ನಿನ್ನ ಮಾವ
ಬುಡ್ಡೇಸಾಬ